ಅಕ್ಕ ಹಿಡಿದಿಟ್ಟ ಸೀಟು

ಬುಧವಾರ ಮಧ್ಯಾಹ್ನ
ಕಾಲೇಜು ಲೈಬ್ರರಿ

ಅಕ್ಕಾ,

‘ಪ್ರೀತಿಯ’ ಎಂದು ಬರೆಯಲು ಹೋಗಿ ಕೈ ತಡೆಯಿತು. ಇವತ್ತು ಅಷ್ಟು ಪ್ರೀತಿ ಉಕ್ಕುತ್ತಿಲ್ಲ. ಒಂದೇ ಕೋಣೆಯಲ್ಲಿ ಮಲಗುವವರಿಗೆ ಪತ್ರ ಯಾಕೆ ಎಂದು ಕೇಳಬೇಡ. ಎದುರಿಗೆ ಮಾತಾಡಿದರೆ ನೀನು ಏನಾದರೂ ಹೇಳಿ ನಗಿಸಿಬಿಡುತ್ತೀಯ, ನನ್ನ ಸಿಟ್ಟು ಠುಸ್ ಆಗುತ್ತದೆ. ಈ ಸಲ ಹಾಗಾಗಬಾರದು.

ಭೂವಿಜ್ಞಾನದ ಕ್ಲಾಸು ಬೇಕೆಂದು ನಾನು ಎಷ್ಟು ಬಾಯಿ ಬಡಿದುಕೊಂಡಿದ್ದೆ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊದಲ ವರ್ಷ ಅದು ಸಿಗದಿದ್ದರೆ ಮುಂದೆ ಆ ವಿಷಯದಲ್ಲಿ ಡಿಗ್ರಿಯ ಮಾತೇ ಇಲ್ಲ. ಹೊಸಬರ ಸರದಿ ಬರುವಷ್ಟರಲ್ಲಿ ಸೀಟು ತುಂಬಿರುತ್ತದೆಂದು ಹೆದರಿಸಿದವಳೂ ನೀನೇ. ಹಳಬರಿಗೆ ಮೊದಲು ಅವಕಾಶ ಕಣೇ ಕುಳ್ಳಿ, ನನ್ನ ಹೆಸರಲ್ಲಿ ಹಿಡಿದಿಟ್ಟಿರ್ತೀನಿ, ನಿನ್ನ ಸರದಿ ಬಂದಾಗ ಬಿಡ್ತೀನಿ, ನೀನು ತಗೋ ಅಂದೆ. ಬಸ್ಸಿನಲ್ಲಿ ಬ್ಯಾಗಿಟ್ಟು, ಸಿನಿಮಾದಲ್ಲಿ ಕಾಲು ಚಾಚಿ ನನಗೆ ಜಾಗ ಹಿಡಿದುಕೊಂಡೇ ಬಂದವಳು ನೀನು. ನಂಬಿದೆ.

ನನ್ನ ಸರದಿಯ ದಿನ ನೋಡಿದರೆ, ಬಿಟ್ಟ ಸೀಟು ಸೀದಾ ಕಾಯುವವರ ಸಾಲಿನಲ್ಲಿ ಮುಂದಿರುವವರಿಗೆ ಹೋಗುತ್ತದಂತೆ. ನಾನೋ ಸಾಲಿನ ಬಾಲದಲ್ಲಿದ್ದೆ. ಆ ನಿಯಮ ನಿನಗೆ ಗೊತ್ತಿರಲಿಲ್ಲ, ಹೋಗಲಿ. ಆದರೆ ಆಮೇಲೆ ನೀನು ಹೇಳಿದ್ದೇನು? ಯಾರ್ಯಾರಿಗೋ ಹೋಗೋ ಬದ್ಲು ನಮ್ಮನೇಲೇ ಇರ್ಲಿ, ನಾನೇ ಕೂತು ಕೇಳ್ಕೊಂಡು ಬಂದು ನಿಂಗೆ ಹೇಳಿಕೊಡ್ತೀನಿ ಅಂದೆ. ಅಮ್ಮ ಬೇರೆ ಹೊಲಿಗೆ ಯಂತ್ರ ನಿಲ್ಲಿಸಿ, ದೊಡ್ಡವಳು ಜಾಣೆ ಎಂದು ತಲೆದೂಗಿದಳು. ಕ್ಲಾಸೇನು ನಿನ್ನ ಹಳೇ ಸ್ವೆಟರೇ, ನೀನು ಹಾಕಿಕೊಂಡು ಬಿಟ್ಟಮೇಲೆ ನನಗೆ ಕೊಡಲು?

ಇವತ್ತು ಬೆಳಿಗ್ಗೆ ಆಫೀಸಿಗೆ ಹೋಗಿದ್ದೆ. ನನ್ನ ಮುಂದಿದ್ದವರೆಲ್ಲ ಕಾದು ಬೇಸತ್ತು ಬೇರೆ ಬೇರೆ ಕ್ಲಾಸು ಸೇರಿಕೊಂಡಿದ್ದಾರೆ. ಈಗ ಸಾಲಿನಲ್ಲಿ ನಾನೇ ಮೊದಲು. ಶುಕ್ರವಾರ ಸಂಜೆಯೊಳಗೆ ಒಬ್ಬರು ಬಿಟ್ಟರೂ ನನಗೆ ಸಿಗುತ್ತದೆ. ನಿಮ್ಮಕ್ಕ ಬಂದು ಕೇಳಿದ್ರು, ಸೋಮವಾರಾನೇ ಹೇಳಿದ್ನಲ್ಲಮ್ಮ ಅಂದರು ಗುಮಾಸ್ತರು.

ಅಂದರೆ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಆ ಸಂಜೆ ನನ್ನ ತಲೆ ಬಾಚುತ್ತಾ, ಕಾದು ನೋಡೋಣ ಬಿಡೇ ಅಂದೆ. ಏನು ಕಾಯುವುದು? ಯಾರಿಗೆ ಕಾಯುವುದು? ನನಗೂ ಆ ಕ್ಲಾಸಿಗೂ ನಡುವೆ ಅಡ್ಡ ನಿಂತಿರುವುದು ಈಗ ನೀನೊಬ್ಬಳೇ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ನನ್ನ ಜಡೆ ಹಿಡಿದುಕೊಂಡೇ ಸುಳ್ಳು ಹೇಳಿದೆಯಲ್ಲ, ಅದಕ್ಕೆ ಉರಿಯುತ್ತಿದೆ.

ಶುಕ್ರವಾರದೊಳಗೆ ಬಿಡು. ಅಲ್ಲಿಯವರೆಗೆ ನನ್ನನ್ನು ಮಾತಾಡಿಸಬೇಡ, ಅಮ್ಮನನ್ನು ರಾಜಿಗೆ ಕಳಿಸಲೂ ಬೇಡ.

ಸಿಟ್ಟು ಇಳಿಯದ,
ನಿನ್ನ ಕುಳ್ಳಿ

ಮತ್ತೊಂದು ವಿಷಯ: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಆಫೀಸಿನಿಂದ ನೇರ ಭೂವಿಜ್ಞಾನದ ಕ್ಲಾಸಿನ ಬಾಗಿಲಿಗೇ ಬಂದಿದ್ದೆ, ಎಲ್ಲರೆದುರು ಜಗಳ ತೆಗೆಯಲು. ನೀನು ಒಂದು ಕಲ್ಲು ಹಿಡಿದು ಮೇಷ್ಟ್ರ ಜೊತೆ ವಾದಕ್ಕೆ ನಿಂತಿದ್ದೆ. ನಿನ್ನ ಕಾಮರ್ಸ್ ಕ್ಲಾಸಿನ ಬಗ್ಗೆ ಇಷ್ಟು ವರ್ಷದಲ್ಲಿ ನಿನ್ನ ಬಾಯಿಂದ ಒಂದು ಮಾತು ಕೇಳಿದ ನೆನಪಿಲ್ಲ ನನಗೆ. ನಿನ್ನ ಮುಖ ಅಷ್ಟು ಅರಳಿದ್ದನ್ನು ನಾನು ಯಾವತ್ತೂ ಕಂಡಿಲ್ಲ. ಅದನ್ನು ಕಂಡಮೇಲೇ ಲೈಬ್ರರಿಗೆ ಬಂದು ಈ ಪತ್ರ ಬರೆದೆ. ಆದರೂ ನನಗೆ ಆ ಸೀಟು ಬೇಕು, ಅಕ್ಕ.