ಹೊಸ್ತಿಲ ಹೊರಗಿನ ಚಪ್ಪಲಿ

ಪ್ಲೆಸೆಂಟನ್
೧೪ ಅಕ್ಟೋಬರ್ ೧೯೮೬, ಮಂಗಳವಾರ

ಪದ್ಮಜಾ,

ಅಮ್ಮನ ಆಶೀರ್ವಾದ. ಈಗ ಸಂಜೆ ಐದೂವರೆ. ಬೆಳಿಗ್ಗೆ ಪ್ರವಾಸದ ಬಟ್ಟೆಯೆಲ್ಲ ಒಗೆದೆ, ಗ್ರೋಸರಿಗೆ ಹೋಗಿ ಹಾಲು ತಂದೆ, ಮಧ್ಯಾಹ್ನ ಕೂತಲ್ಲೇ ನಿದ್ದೆ ಹೋದೆ. ಇಟಲಿಯ ಹೊತ್ತು ಇನ್ನೂ ಮೈಯಿಂದ ಇಳಿದಿಲ್ಲ. ಕಿಟಕಿಯಾಚೆ ಗುಡ್ಡಗಳು ಒಣಗಿ ಹುರಿದ ರವೆಯ ಬಣ್ಣಕ್ಕೆ ಬಂದಿವೆ. ನನ್ನ ಅಕ್ಷರ ಕಷ್ಟವಾದರೆ ನಿಧಾನವಾಗಿ ಓದು. ಫೋನಿನಲ್ಲಿ ಇದನ್ನೆಲ್ಲ ಹೇಳಲು ನನಗೆ ಬರುವುದಿಲ್ಲ.

ಪಾಂಪೆ ನೋಡಿದೆ. ನಿಮ್ಮಪ್ಪ ಇದ್ದಿದ್ದರೆ ಮ್ಯಾಪು ಹಿಡಿದು ಗೈಡಿಗೇ ಪಾಠ ಹೇಳುತ್ತಿದ್ದರು. ಟೂರು ಗೊತ್ತುಮಾಡಿದ್ದೂ ಅವರೇ. ಫೆಬ್ರವರಿಯಲ್ಲಿ ಅವರು ಹೋದ ಮೇಲೆ ನಾನು ಬೇಡವೆಂದೆ. ಉಡುಪಿಯ ಸುಗುಣಾ ಆಂಟಿ ಕೇಳಲಿಲ್ಲ, ಎಳೆದುಕೊಂಡೇ ಹೋದರು.

ಬೆಂಕಿಬೆಟ್ಟದ ಬೂದಿಯಡಿ ಮುಚ್ಚಿಹೋಗಿದ್ದ ಊರು. ಈಗ ಅಗೆದು ತೆಗೆದಿದ್ದಾರೆ. ಬೀದಿಯ ಕಲ್ಲಿನಲ್ಲಿ ಗಾಡಿ ಚಕ್ರದ ಜಾಡು ಹಾಗೇ ಇದೆ. ರೊಟ್ಟಿ ಸುಡುತ್ತಿದ್ದ ಅಂಗಡಿಯಲ್ಲಿ ದೊಡ್ಡ ದೊಡ್ಡ ಬೀಸುವ ಕಲ್ಲುಗಳು. ಹೊಸ್ತಿಲ ಕಲ್ಲಿನಲ್ಲಿ ಬಾಗಿಲು ತಿರುಗುತ್ತಿದ್ದ ಗುಳಿ. ಮೈಸೂರಿನಲ್ಲಿ ನಮ್ಮ ಅಜ್ಜಿ ಮನೆಯ ಹಿತ್ತಲ ಬಾಗಿಲಿಗೂ ಅಂಥದೇ ಇತ್ತು. ಬೆರಳಿಟ್ಟು ನೋಡಿದೆ, ನುಣ್ಣಗಿತ್ತು. ಬೂದಿಯಲ್ಲಿ ಸತ್ತವರ ಮೈಯ ಅಚ್ಚು ತೆಗೆದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಅದನ್ನು ನೋಡಲು ಎಲ್ಲರೂ ಹೋದರು. ನಾನು ಹೋಗಲಿಲ್ಲ.

ಆಮೇಲೆ ಒಂದು ಮನೆಗೆ ಕರೆದುಕೊಂಡು ಹೋದರು. ಗೋಡೆಯ ಮೇಲೆ ಕೆಂಪು ಬಣ್ಣ, ನಡುವೆ ತೊಟ್ಟಿ, ಹಿಂದೆ ತೋಟ. ತೋಟದ ಕಡೆಯಿಂದ ಬೀದಿಗೆ ಇಳಿದಾಗ ಕಾಲಿಗೆ ಕಲ್ಲು ಚುಚ್ಚಿತು. ನೋಡಿದರೆ ಬರಿಗಾಲು! ಮುಂದಿನ ಹೊಸ್ತಿಲಲ್ಲಿ ನನಗೇ ತಿಳಿಯದೆ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದೆ.

ಸುಗುಣಾ ಆಂಟಿ ಬೀದಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂತದು ಸತ್ಯವತಿಯಕ್ಕ, ಮನೆಯವರು ಹೋಗಿ ಸಾವಿರದ ಒಂಬೈನೂರು ವರ್ಷ ಆಯ್ತಲ್ಲ. ಇನ್ನು ನಿಮಗೆ ಬೈಯುವವರು ಯಾರುಂಟು ಮಾರಾಯ್ರೆ?"

"ನನ್ನ ಕಾಲಿಗೆ ಅದು ಗೊತ್ತಿಲ್ವಲ್ಲ ಸುಗುಣಾ" ಎಂದೆ. ನನಗೂ ನಗು ಬಂತು. ಎಷ್ಟು ತಿಂಗಳಾಗಿತ್ತೋ.

ಒಬ್ಬಳೇ ಸುತ್ತಿಕೊಂಡು ಮುಂಬಾಗಿಲಿಗೆ ಹೋದೆ. ಸೂರಿಲ್ಲ, ಕದವಿಲ್ಲ, ಗೋಡೆ ಅರ್ಧ. ಆದರೂ ಹೊರಗೆ ಒಂದು ಜೊತೆ ಚಪ್ಪಲಿ ಇದ್ದದ್ದಕ್ಕೆ ಒಳಗೆ ಯಾರೋ ಇದ್ದಾರೆ ಅನ್ನಿಸಿತು. ಕರೆದರೆ ಬರುತ್ತಾರೆ ಅನ್ನಿಸಿತು. ಸ್ವಲ್ಪ ಹೊತ್ತು ನಿಂತು ಕಾದೆ ಕೂಡ. ಕೊನೆಗೆ ಚಪ್ಪಲಿ ಮೆಟ್ಟಿಕೊಂಡೆ. ದೂರ ಬಂದು ತಿರುಗಿ ನೋಡಿದಾಗ ಅಲ್ಲಿದ್ದದ್ದು ಬರೀ ಕಲ್ಲು.

ಈಗ ನಮ್ಮ ಮನೆಯ ವಿಷಯ. ಇದನ್ನು ಮಾರಿ ಬಾಸ್ಟನ್ನಿಗೆ ಬಾ ಎಂದು ಬೇಸಿಗೆಯಿಂದ ಕರೆಯುತ್ತಿದ್ದೀಯ. ಮನೆ ಮಾರಿಸಿಕೊಡುವ ಏಜೆಂಟಮ್ಮ ಬರುತ್ತೇನೆಂದಾಗಲೆಲ್ಲ ಒಮ್ಮೆ ಜ್ವರ ಎಂದೆ, ಒಮ್ಮೆ ಹಬ್ಬ ಎಂದೆ. "ಅಮ್ಮಾ, ಜಸ್ಟ್ ಟೆಲ್ ಮಿ, ಯಾರಿಗೋಸ್ಕರ ಕಾಯ್ತಾ ಇದೀಯ?" ಎಂದು ನೀನು ರೇಗಿದೆ. ಆವತ್ತು ನಾನು ಮಾತು ಬದಲಿಸಿದೆ. ನಿನಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಇವತ್ತು ನಾನೇ ಏಜೆಂಟಮ್ಮನಿಗೆ ಫೋನು ಮಾಡಿದೆ. ಪಾಂಪೆಯವರಿಗೆ ಸಾಮಾನು ಎತ್ತಿಡಲು ಪುರುಸೊತ್ತು ಸಿಗಲಿಲ್ಲ. ನನಗೆ ಸಿಕ್ಕಿದೆ. ನಿನ್ನ ಮನೆಯಲ್ಲಿ ಬೆಳಕು ಬರುವ ಕೋಣೆ ಕೊಡು, ಸಾಕು. ದಪ್ಪ ಕೋಟು ಇಲ್ಲೇ ಕೊಳ್ಳಲೋ, ಅಲ್ಲಿ ಕೊಳ್ಳೋಣವೋ ತಿಳಿಸು.

ನಿನ್ನ
ಅಮ್ಮ

ತಾ.ಕ.: ಅಪ್ಪನದೆಲ್ಲ ಕೊಟ್ಟಾಯಿತು ಎಂದು ಹೇಳಿದ್ದೆನಲ್ಲ, ಅವರ ಕಂದು ಶೂ ಕೊಟ್ಟಿರಲಿಲ್ಲ. ಮುಂಬಾಗಿಲ ಹೊರಗೆ, ಮ್ಯಾಟಿನ ಪಕ್ಕ, ಅವರು ಬಿಟ್ಟ ಜಾಗದಲ್ಲೇ ಇಟ್ಟಿದ್ದೆ. ನೀನು ಬಂದಾಗ ಒಳಗೆ ಬಚ್ಚಿಡುತ್ತಿದ್ದೆ, ನೀನು ಹೋದ ಮೇಲೆ ಮತ್ತೆ ಹೊರಗಿಡುತ್ತಿದ್ದೆ. ಇವತ್ತು ಧೂಳು ಒರೆಸಿ ನನ್ನ ಸೂಟ್‌ಕೇಸಿನಲ್ಲಿ ಇಟ್ಟೆ. ನಾಳೆ ಹತ್ತು ಗಂಟೆಗೆ ಏಜೆಂಟಮ್ಮ ಮನೆ ನೋಡಲು ಬರುತ್ತಾಳೆ.