ಹನ್ನೆರಡನೇ ನಂಬರಿನ ಪೆಟ್ಟಿಗೆ

ಡಿಸೆಂಬರ್ ಇಪ್ಪತ್ತೆಂಟು, ಊಟವಾದ ಮೇಲೆ
ಇಸ್ತ್ರಿ ಕೋಣೆಯಿಂದ

ನನ್ನ ಜೊತೆ ಒಂದೇ ದಿನ ಈ ಮಠದ ಹೊಸ್ತಿಲು ದಾಟಿದವಳಿಗೆ,

ಮೊದಲು ಪ್ರೀತಿಯ ಎಂದು ಬರೆದೆ, ಆಮೇಲೆ ಹೊಡೆದು ಹಾಕಿದೆ. ಹೊಡೆದದ್ದು ಕಾಣಿಸುತ್ತದೆ, ಕಾಣಿಸಲಿ, ಹಾಳೆ ಬದಲಾಯಿಸುವುದಿಲ್ಲ. ನೀನು ಹನ್ನೊಂದು ವರ್ಷ ಇಲ್ಲಿ ಮದರ್ ಆಗಿದ್ದಾಗ ಎಲ್ಲರ ಮುಂದೆ ನಿನ್ನನ್ನು ನೀವು ಎಂದೆ. ಒಬ್ಬಳೇ ಸಿಕ್ಕಾಗಲೂ ನಾಲಿಗೆ ಹಾಗೇ ರೂಢಿಯಾಗಿತ್ತು. ಈ ಕಾಗದದಲ್ಲಿ ನೀನು ಎನ್ನುತ್ತೇನೆ. ನೀವು ಎಂದರೆ ನನಗೆ ಸಿಟ್ಟು ಸರಿಯಾಗಿ ಬರುವುದಿಲ್ಲ.

ಅಕ್ಷರ ಸೊಟ್ಟ ಇದ್ದರೆ ತಾಳಿಕೊಂಡು ಓದು. ನಾಲ್ಕನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳು ನಾನು. ಇಲ್ಲಿಯ ತನಕ ನನ್ನ ಕಾಗದಗಳನ್ನೆಲ್ಲ ನೀನೇ ಬರೆದುಕೊಟ್ಟೆ. ಅಮ್ಮನಿಗೆ, ಅಣ್ಣನಿಗೆ, ಅವರೆಲ್ಲ ಹೋದ ಮೇಲೆ ಅತ್ತಿಗೆಗೆ. ನಾನಾಗಿ ಕೂತು ಬರೆಯುತ್ತಿರುವ ಮೊದಲ ಕಾಗದ ಇದು. ಬರೆಯಬೇಕಾಗಿ ಬಂದದ್ದು ನಿನಗೇ, ನೋಡು.

ಆಗಸ್ಟ್ ತಿಂಗಳಲ್ಲಿ, ನಮ್ಮ ಸಭೆಯ ಮಠಗಳಿಗೆಲ್ಲ ಮೇಲಿನ ದೊಡ್ಡ ಮನೆಯಿಂದ ಆದೇಶ ಬಂದ ದಿನ ನೆನಪಿದೆಯೇ? ಹೊಸ ವರ್ಷಕ್ಕೆ ನಮ್ಮ ಮಠ ಮುಚ್ಚಬೇಕು, ಕಟ್ಟಡ ಕಣ್ಣಿನ ಆಸ್ಪತ್ರೆಗೆ ಹೋಗುತ್ತದೆ, ಉಳಿದ ಐದು ಜನರಲ್ಲಿ ಕೈಲಾಗದವರು ದೊಡ್ಡ ಮನೆಯ ರೋಗಿಗಳ ವಾರ್ಡಿಗೆ, ಕೈಲಾಗುವವರು ಹೆಣ್ಣುಮಕ್ಕಳ ಹಾಸ್ಟೆಲಿಗೆ. ಅವರವರ ಇಚ್ಛೆ ಬರೆದು ಕಳಿಸಿ ಎಂದಿದ್ದರು. ನೀನು ಇದೇ ಇಸ್ತ್ರಿ ಮೇಜಿನ ತುದಿಗೆ ಪೆನ್ನು ಹಿಡಿದು ಕೂತೆ. ನಾನು ಹೇಳಿದ್ದು ಒಂದೇ ಮಾತು, ಅದೂ ನಮ್ಮೆಲ್ಲರಿಗಿಂತ ಹಿರಿಯ ಸಿಸ್ಟರ್, ಪೂಜೆಗೆ ಹಾಡು ಎತ್ತುವ ಹಾಡಜ್ಜಿಯ ಬಗ್ಗೆ.

"ಹಾಡಜ್ಜಿ ಎಲ್ಲಿಗೋ ನಾನೂ ಅಲ್ಲಿಗೆ. ಅಷ್ಟೇ ಬರಿ, ಬೇರೇನೂ ಬೇಡ."

ನೀನು ಬರೆದೆ. ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದೆ. ನನ್ನ ಕೈ ಒದ್ದೆಯಿತ್ತು. ಕಾಗದ ಹಾಳಾದೀತೆಂದು ಎರಡು ಸಲ ಒರೆಸಿಕೊಂಡು ಸಹಿ ಹಾಕಿದೆ. ಓದಲಿಲ್ಲ. ಮೂವತ್ತೆಂಟು ವರ್ಷದಲ್ಲಿ ನೀನು ಮುಂದಿಟ್ಟದ್ದನ್ನು ನಾನು ಯಾವತ್ತಾದರೂ ಓದಿದ್ದೇನೆಯೇ? ಓದಲು ಬರುವುದಿಲ್ಲವೆಂದಲ್ಲ, ಹಾಡಜ್ಜಿ ಹಾಡಿನ ಪುಸ್ತಕದ ಮೇಲೆ ನನ್ನ ಬೆರಳು ಓಡಿಸಿ ಕಲಿಸಿದ್ದಾರೆ. ಓದಿದರೆ ನಿನ್ನನ್ನು ಅನುಮಾನಿಸಿದ ಹಾಗಾಗುತ್ತದೆ ಎಂದು ಬಿಟ್ಟೆ.

ಸೆಪ್ಟೆಂಬರಿನಲ್ಲಿ ನಿನ್ನನ್ನು ದೊಡ್ಡ ಮನೆಗೆ ಕರೆಸಿಕೊಂಡರು. ಮಠ ಮುಚ್ಚುವುದಕ್ಕೆಂದೇ ಹೊಸ ಮದರ್ ಬಂದರು. ಕ್ರಿಸ್‌ಮಸ್ಸಿಗೆ ನಾಲ್ಕು ವಾರ ಮೊದಲು, ಆಗಮನ ಕಾಲದ ಮೊದಲ ಭಾನುವಾರ ಅವರು ಊಟದ ಮೇಜಿನಲ್ಲಿ ಪಟ್ಟಿ ಓದಿದರು. ಹಾಡಜ್ಜಿಗೆ ದೊಡ್ಡ ಮನೆ, ನನಗೆ ಹಾಸ್ಟೆಲಿನ ಅಡುಗೆಮನೆ. ನಾನು ತಪ್ಪಾಗಿದೆ ಎಂದೆ. ಅವರು ಪಾಪ ಫೈಲು ತಂದು ತೋರಿಸಿದರು. ಅಕ್ಷರ ನಿನ್ನದು, ಸಹಿ ನನ್ನದು. 'ಸಭೆಯ ಇಚ್ಛೆಯೇ ನನ್ನ ಇಚ್ಛೆ. ಕೈಯಲ್ಲಿ ಇನ್ನೂ ಶಕ್ತಿ ಇದೆ. ಮಕ್ಕಳಿರುವ ಕಡೆ ಕಳಿಸಿದರೆ ಸಂತೋಷದಿಂದ ದುಡಿಯುತ್ತೇನೆ.' ಹೊಸ ಮದರ್ ಕನ್ನಡಕ ತೆಗೆದು, ಎಷ್ಟು ವಿನಯದಿಂದ ಬರೆದಿದ್ದೀರಿ ಸಿಸ್ಟರ್, ಓದಿ ಅಲ್ಲಿ ಎಲ್ಲರಿಗೂ ಕಣ್ಣಲ್ಲಿ ನೀರು ಬಂತು ಎಂದರು. ನನ್ನ ಕಣ್ಣಲ್ಲಿ ಬಂದದ್ದು ಬೇರೆ ನೀರು.

ಮರುದಿನ ನಿನಗೆ ಫೋನ್ ಮಾಡಿದೆ. ಒಂದು ನಿಮಿಷವಾದರೂ ಹಾರಿಕೆ ಮಾತಾಡುತ್ತೀ ಎಂದುಕೊಂಡಿದ್ದೆ, ಅದೂ ಇಲ್ಲ.

"ಅವರಿನ್ನು ಎಷ್ಟು ದಿನ ಇರ್ತಾರೆ ಹೇಳು? ಆಮೇಲೆ ಆ ವಾರ್ಡಲ್ಲಿ ನೀನೊಬ್ಳೇ ಏನ್ ಮಾಡ್ತೀಯ? ನಿನ್ನ ಒಳ್ಳೇದಕ್ಕೇ ಬರ್ದೆ ಕಣೇ."

ನನ್ನ ಒಳ್ಳೆಯದು ನಿನ್ನ ಪೆನ್ನಿನಲ್ಲಿದೆ ಎಂದು ಯಾರು ಹೇಳಿದರು ನಿನಗೆ? ಸಾಯುವವರ ಪಕ್ಕ ಕೂರುವವಳಿಗೆ ಆಮೇಲೆ ಏನು ಗತಿ ಎಂದು ಲೆಕ್ಕ ಹಾಕುವುದನ್ನು ಎಲ್ಲಿ ಕಲಿತೆ? ಇದನ್ನೆಲ್ಲ ಫೋನಿನಲ್ಲೇ ಕೇಳಬೇಕಿತ್ತು. ಆಯ್ತು ಎಂದು ಫೋನ್ ಇಟ್ಟುಬಿಟ್ಟೆ. ಆ ಆಯ್ತು ಎಂದದ್ದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.

ಅಂದಿನಿಂದ ನನಗೆ ಒಂದೇ ಯೋಚನೆ. ಅಲ್ಲಿ ಅವರಿಗೆ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಾರೋ, ಒಣದನ್ನೇ ಕೊಟ್ಟು ಕೆಮ್ಮು ಹತ್ತಿಸುತ್ತಾರೋ. ಎಡಗಡೆ ಮಲಗಿಸಿದರೆ ಅವರಿಗೆ ಉಸಿರು ಕಟ್ಟುತ್ತದೆ, ಯಾರಿಗೆ ಗೊತ್ತು ಇದು? ಎರಡು ಕಣ್ಣೂ ಹೋದ ಮೇಲೆ ನಾಲ್ಕು ವರ್ಷದಿಂದ ನನ್ನ ತೋಳು ಹಿಡಿದೇ ನಡೆದಿದ್ದಾರೆ. ಇಲ್ಲಿಂದ ಪ್ರಾರ್ಥನಾ ಮಂದಿರಕ್ಕೆ ನಲವತ್ತೊಂದು ಹೆಜ್ಜೆ, ಮೂರು ಮೆಟ್ಟಿಲು. ಅಲ್ಲಿ ಎಷ್ಟೋ ಏನೋ. ಬಿಸಿನೀರಿನ ನಲ್ಲಿ ಯಾವ ಕಡೆ ಇದೆ? ಹೇಳು, ಯಾವ ಕಡೆ? ಎಂಬತ್ತೊಂಬತ್ತು ವರ್ಷದವರು ಕೈ ಸುಟ್ಟುಕೊಂಡೇ ಕಲಿಯಬೇಕೇನು?

ಮಠ ಮುಚ್ಚುವ ವಿಷಯ ಅವರಿಗೆ ತಿಳಿಸಬಾರದು, ಎದೆ ಒಡೆದುಕೊಂಡಾರು ಎಂದು ಹೋಗುವಾಗ ನೀನು ಹೇಳಿ ಹೋಗಿದ್ದೆ. ಅದನ್ನೂ ಪಾಲಿಸಿದೆವು. ಗೋಡೆಯಿಂದ ಗಡಿಯಾರ ಇಳಿಸಿದಾಗ ರಿಪೇರಿಗೆ ಎಂದೆ. ಬೆಂಚುಗಳು ಹೋದಾಗ ಬಣ್ಣ ಹೊಡೆಸಲು ಎಂದೆ. ಈ ತಿಂಗಳು ನಾನು ಹೇಳಿದಷ್ಟು ಸುಳ್ಳು ಜನ್ಮದಲ್ಲಿ ಹೇಳಿಲ್ಲ.

ಬಟ್ಟೆಯ ಕೆಲಸ ನನಗೇ ಬಂತು. ನಮ್ಮ ಸಭೆಯಲ್ಲಿ ಬಟ್ಟೆಗೆ ಹೆಸರಿಲ್ಲ, ಸೇರಿದ ದಿನ ಕೊಟ್ಟ ನಂಬರೇ ಸಾಯುವ ತನಕ. ಹಾಡಜ್ಜಿ ಹನ್ನೆರಡು, ನಾನು ಮೂವತ್ತೊಂದು, ನೀನು ಮೂವತ್ತು. ಕಾಲರಿನ ಒಳಗಡೆ ಕೆಂಪು ದಾರದ ಆ ನಂಬರಿನ ಕೆಳಗೆ, ದೊಡ್ಡ ಮನೆಗೆ ಹೋಗುವವರಿಗೆ ಒಂದು ಗೀಟು, ಹಾಸ್ಟೆಲಿಗೆ ಹೋಗುವವರಿಗೆ ಎರಡು ಗೀಟು ಹೊಲಿಯಬೇಕೆಂದು ಹೊಸ ಮದರ್ ಅಪ್ಪಣೆ ಮಾಡಿದರು. ಒಬ್ಬರಿಗೆ ಒಂದೇ ಪೆಟ್ಟಿಗೆ. ಹೇಳಿದ ಕೆಲಸ ಎಲ್ಲ ಮಾಡಿದೆ. ಎಲ್ಲರ ಬಟ್ಟೆಗೂ ಗೀಟು ಹೊಲಿದೆ, ನನ್ನ ಬಟ್ಟೆಗೂ ಹೊಲಿದೆ. ಕ್ರಿಸ್‌ಮಸ್ಸಿಗೆ ಮೂರು ದಿನ ಮೊದಲೇ ಪೆಟ್ಟಿಗೆಗಳಿಗೆ ಬೀಗ ಹಾಕಿ ಹಗ್ಗ ಕಟ್ಟಿಯಾಗಿತ್ತು. ಇವತ್ತು ಬೆಳಿಗ್ಗೆ ಲಾರಿಯಲ್ಲಿ ಹೋದವು.

ಇನ್ನು ಕ್ರಿಸ್‌ಮಸ್. ಮಠದ ಅತಿ ಕಿರಿಯಳು ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸಬೇಕು ಎಂಬುದು ನಮ್ಮಲ್ಲಿ ಮೊದಲಿನಿಂದಲೂ ನಡೆದು ಬಂದದ್ದು. ನಾನು ನಿನಗಿಂತ ಮೂರು ತಿಂಗಳು ಚಿಕ್ಕವಳು ಎಂದು ಆ ಕೆಲಸ ನನಗೆ ಸಿಕ್ಕಿ, ನೀನು ಮೊದಲ ವರ್ಷ ಮುಖ ಊದಿಸಿಕೊಂಡಿದ್ದೆ. ನಮ್ಮ ನಂತರ ಬಂದವರು ಯಾರೂ ನಿಲ್ಲಲಿಲ್ಲ. ಹಾಗಾಗಿ ಐವತ್ತೊಂಬತ್ತಾದರೂ ಈ ಮನೆಯ ಮಗು ನಾನೇ. ಮಂಡಿ ಊರಿದರೆ ಏಳಲು ಇಬ್ಬರು ಬೇಕು.

ಈ ಸಲ ಫಾದರ್ ಬೇರೆರಡು ಕಡೆ ಹೋಗಬೇಕೆಂದು ಪೂಜೆ ಸಂಜೆಗೇ ಇಟ್ಟಿದ್ದರು. ನೋಡಿದರೆ ಬಾಲಯೇಸುವಿನ ಡಬ್ಬಿಯಲ್ಲಿ ಹತ್ತಿ ಮಾತ್ರ ಇತ್ತು. ಹೊಸ ಮದರ್ ಕಪಾಟು, ಮೆಟ್ಟಿಲ ಕೆಳಗೆ, ಹಿಟ್ಟಿನ ಡಬ್ಬ ಎಲ್ಲ ಜಾಲಾಡಿದರು. ಫಾದರ್ ಕೈಗಡಿಯಾರ ನೋಡುತ್ತಿದ್ದರು. ಕೊನೆಗೆ ಹುಲ್ಲು ಮಾತ್ರ ಇರುವ ಗೋದಲಿಯ ಮುಂದೆಯೇ ಪೂಜೆ ಶುರುವಾಯಿತು. ಸಾಗಣೆಯ ಗಡಿಬಿಡಿಯಲ್ಲಿ ಎಲ್ಲೋ ಸೇರಿಹೋಗಿದೆ ಎಂದರು. ನಾನು ಹತ್ತಿಯನ್ನು ಮಡಿಸಿ ಮತ್ತೆ ಡಬ್ಬಿಯೊಳಗಿಟ್ಟೆ.

ಹಾಡು ಎತ್ತುವ ಮೊದಲು ಹಾಡಜ್ಜಿ ಮಗುವಿನ ಪಾದ ಹೆಬ್ಬೆರಳಿನಿಂದ ಮುಟ್ಟುತ್ತಾರಲ್ಲ, ಹಾಗೇ ಕೈ ಚಾಚಿದರು. ಹುಲ್ಲು ಸಿಕ್ಕಿತು. ಮತ್ತೆ ತಡವಿದರು. ಯಾರ ಮೇಲಿನ ಸಿಟ್ಟಿಗೆ ಯಾರಿಗೆ ಏನು ಮಾಡಿದೆ ಎನಿಸಿತು. ಅವರ ಕಿವಿಗೆ ಬಗ್ಗಿ, ಮಗು ಊರಿಗೆ ಹೊರಟಿದೆ ಅಜ್ಜಿ ಎಂದೆ. ಸುಳ್ಳು ಹೊಳೆಯದೆ ಬಾಯಿಗೆ ಬಂದದ್ದು ಅದು.

ಅವರು ನಕ್ಕರು. "ಸದ್ಯ, ಅವನಾದ್ರೂ ಮೊದಲೇ ಹೊರಟ. ನನ್ನ ಗಂಟು ಯಾವಾಗ ಕಟ್ತೀಯೇ?"

ಅವರಿಗೆ ಎಲ್ಲ ಗೊತ್ತಿತ್ತು. ಗಡಿಯಾರದ ಸದ್ದು ನಿಂತ ದಿನವೇ ಗೊತ್ತಾಯಿತಂತೆ. ನಮಗೆ ನೋವಾಗುತ್ತದೆ ಎಂದು ಸುಮ್ಮನಿದ್ದರಂತೆ. ಆಮೇಲೆ ಹಾಡಿದರು. ದನಿ ಎರಡು ಕಡೆ ಒಡೆಯಿತು, ನಿಲ್ಲಿಸಲಿಲ್ಲ. ಮರುದಿನ ತಲೆ ಬಾಚುವಾಗ, ನೀನೂ ಬರ್ತೀಯಲ್ಲ ಎಂದು ಕೇಳಿದರು. ಇಷ್ಟು ದಿನ ನಾನು ಹೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ, ಆದರೆ ಆ ಪ್ರಶ್ನೆಗೆ ಹೂಂ ಎಂದದ್ದು ಸುಳ್ಳಾಗಲು ನಾನು ಬಿಡುವುದಿಲ್ಲ.

ನೀನು ದೊಡ್ಡವಳಾದೆ, ಸಭೆಯ ಮೇಜಿನಲ್ಲಿ ಕೂರುತ್ತೀ. ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನನ್ನ ಬಾಯಿಯ ಮಾತನ್ನು ತೆಗೆದು ನಿನ್ನ ಮಾತನ್ನು ಇಟ್ಟೆಯಲ್ಲ, ಅದೂ ಅಷ್ಟು ಚಂದದ ಭಾಷೆಯಲ್ಲಿ, ಅದನ್ನು ನುಂಗಲು ಆಗುತ್ತಿಲ್ಲ. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದೆನೋ ಇಲ್ಲವೋ, ನೋಡಿ ಬರುತ್ತೇನೆ.

ಆರಿಸಿದ್ದೆ. ಇಷ್ಟೇ ನನ್ನ ಮಾತು. ತಪ್ಪಿದ್ದರೆ ತಿದ್ದಬೇಡ.

ಇಂತಿ,
ಈ ಮನೆಯ ಕಿರಿಯಳು, ಮೂವತ್ತೊಂದು

ಮತ್ತೆ ಬರೆಯುವುದೇನೆಂದರೆ, ನಾಳೆ ಫಾದರ್ ಈ ಕಾಗದ ತಂದುಕೊಟ್ಟ ಮೇಲೆ ನೀನು ಹನ್ನೆರಡನೇ ನಂಬರಿನ ಪೆಟ್ಟಿಗೆ ತೆರೆಯುವಾಗ ನಿಧಾನ. ಮೇಲಿನ ಮೂರು ಜೊತೆ ಹಾಡಜ್ಜಿಯವು. ಅದರ ಕೆಳಗಿನವು ಮೂವತ್ತೊಂದು, ಎಲ್ಲದಕ್ಕೂ ಒಂದೇ ಗೀಟು. ಹಾಸ್ಟೆಲಿಗೆ ಹೋದ ನನ್ನ ಪೆಟ್ಟಿಗೆಯಲ್ಲಿರುವುದು ಹಳೆಯ ಪರದೆಗಳು. ಯಾವ ನಂಬರಿನ ಬಟ್ಟೆ ಬಂತೋ ಆ ನಂಬರಿಗೆ ಮಂಚ, ತಟ್ಟೆ, ಟವೆಲು ಇಡಬೇಕು ಎಂಬ ಕಾನೂನು ಮಾಡಿದವಳು ನೀನೇ. ನನ್ನ ಹತ್ತಿರ ಈಗ ಮೈಮೇಲಿನ ಒಂದು ಜೊತೆ ಮಾತ್ರ ಇದೆ. ಎರಡನೇ ತಾರೀಕು ವ್ಯಾನು ಬಂದಾಗ ಹಾಡಜ್ಜಿಯ ಪಕ್ಕ ಕೂರುತ್ತೇನೆ, ಇಳಿಸುವುದಿದ್ದರೆ ನೀನೇ ಬಂದು ಇಳಿಸು. ನನ್ನ ಬೂದು ಸ್ವೆಟರಿನೊಳಗೆ ಬಾಲಯೇಸು ಇದ್ದಾನೆ. ಬಲಗೈಯ ಬೆರಳು ಮೊದಲೇ ಮುರಿದಿದೆ, ನಾನು ಮುರಿದದ್ದಲ್ಲ. ಅವನನ್ನು ನೀನು ಮಲಗಿಸಬೇಡ, ನೀನು ಮೂರು ತಿಂಗಳು ದೊಡ್ಡವಳು. ಜನವರಿ ಆರರ ಮೂರು ರಾಯರ ಹಬ್ಬದ ತನಕ ಗೋದಲಿ ಇರುತ್ತದೆ, ಅಷ್ಟರಲ್ಲಿ ನಾನು ಬರುತ್ತೇನೆ. ಹುಲ್ಲು ತಂದಿಟ್ಟಿರು.