ನಾಲ್ಕು ಒಲೆಯ ಹೊಗೆ

ಮಾರ್ಚ್ ೩, ಬೆಳಿಗ್ಗೆ

ಕಹಳೆ ಊದಿದ್ದಾಯಿತು. ನಾಲ್ಕು ಒಲೆಗೂ ಉರಿ ಹಾಕಿದ್ದಾಯಿತು. ಮೂರರ ಮೇಲೆ ಅಡುಗೆಯವನು ಬರೀ ನೀರು ಇಟ್ಟಿದ್ದಾನೆ. ಇರುವ ನಮ್ಮಿಬ್ಬರಿಗೆ ಇನ್ನೆಷ್ಟು ಬೇಕು? ಆಚೆ ದಡದ ಶತ್ರುಗಳು ಎಣಿಸುವುದು ಹೊಗೆಯನ್ನು. ಕೋಟೆ ಕಟ್ಟಿದ ಕಾಲದಿಂದಲೂ ಹಾಗೇ. ನಾಲ್ಕು ಹೊಗೆ, ಹೊತ್ತಿಗೆ ಸರಿಯಾಗಿ ಕಹಳೆ — ಇಷ್ಟಿದ್ದರೆ ಒಳಗೆ ಸೈನಿಕರ ಇಡೀ ಕಂಪನಿ ಇದೆ ಎಂದುಕೊಂಡು ಅವರು ನದಿ ದಾಟುವುದಿಲ್ಲ.

ಕಂಪನಿ ಮೊನ್ನೆಯೇ ಕೋಟೆ ಬಿಟ್ಟು ದೋಣಿಗಳಲ್ಲಿ ನದಿಯ ಕೆಳಗಡೆಗೆ ಹೋಯಿತು, ಹೆಂಗಸರು ಮಕ್ಕಳ ಸಮೇತ. ಅವರು ದೂರ ಸೇರುವವರೆಗೆ ಹೊಗೆ, ಕಹಳೆ ನಿಲ್ಲಬಾರದೆಂದು ನಾವಿಬ್ಬರು ಉಳಿದಿದ್ದೇವೆ. ಅಕ್ಕನೂ ಹೋದಳು. ಭಾವನೇ ಕಮಾಂಡರ್. ನಾಳೆ ತಾನೇ ಬೋಟ್ ತಂದು ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದಾರೆ.

ಮಾರ್ಚ್ ೪, ಸಂಜೆ

ಬೋಟ್ ಇಲ್ಲ. ನೀರು ಕಡಿಮೆ, ತಡವಾಗಬಹುದು... ಅಡುಗೆಯವನು ಭಾವನ ರೂಮ್ ನೋಡಿ ಬಂದ.

"ವಾಪಸ್ ಬರೋರು ಏನಾದ್ರೂ ಬಿಟ್ಟು ಹೋಗ್ತಾರೆ. ನಿಮ್ಮ ಭಾವ ಗೋಡೆ ಮೊಳೇನೂ ಬಿಟ್ಟಿಲ್ಲ."

ಅವನ ಬಾಯಿಗೆ ಬೀಗವಿಲ್ಲ. ಚೆನ್ನಾಗಿ ಬೈದೆ. ಭಾವ ನನ್ನನ್ನು ಸ್ವಂತ ತಮ್ಮನಂತೆ ಸಾಕಿದವರು. ಈ ಕಹಳೆ ಊದುವ ಕೆಲಸ ಕೊಡಿಸಿದ್ದೂ ಅವರೇ.

ಮಾರ್ಚ್ ೭, ಮಧ್ಯಾಹ್ನ

ಬಂದದ್ದು ಭಾವ ಅಲ್ಲ, ಕಂಪನಿಯ ದೋಣಿ ನಡೆಸುವ ಒಬ್ಬ ಅಂಬಿಗ, ಪುಟ್ಟ ದೋಣಿಯಲ್ಲಿ ಒಬ್ಬನೇ. ಕಂಪನಿಯ ದೋಣಿಗಳು ಒಂದು ದಿನದ ದಾರಿಯಲ್ಲೇ ಮರಳಿಗೆ ಸಿಕ್ಕಿಕೊಂಡಿವೆಯಂತೆ. ಬಿಡಿಸಲು ಇನ್ನೂ ಎರಡು ದಿನ ಬೇಕಂತೆ. ನಮ್ಮ ಬೋಟ್ ಯಾವಾಗ ಎಂದು ಕೇಳಿದೆ. ನೆಲ ನೋಡುತ್ತಾ ಹೇಳಿದ:

"ನಿಮಗೆ ಬೋಟ್ ಕಳಿಸೋ ಮಾತೇ ಇರ್ಲಿಲ್ಲ. ಯಾರನ್ನ ಬಿಡೋದು ಅಂದಾಗ ನಿಮ್ಮ ಭಾವನೇ ನಿಮ್ಮನ್ನ ತೋರಿಸಿದ್ರು. 'ನನ್ನ ಮಾತು ನಂಬ್ಕೊಂಡು ಕೂತಿರ್ತಾನೆ' ಅಂದ್ರು."

ನಾನೇ ಹಟ ಹಿಡಿದು ಉಳಿದೆ ಎಂದು ಅಕ್ಕನಿಗೆ ಹೇಳಿದ್ದಾರಂತೆ. ಅವಳು ಊಟ ಬಿಟ್ಟಿದ್ದಾಳಂತೆ. ನನ್ನ ಕುತ್ತಿಗೆ ಕೊಯ್ದು ಅವಳಿಗೆ ಸಮಾಧಾನ ಹೇಳುತ್ತಿದ್ದಾರೆ, ಮಹಾನುಭಾವ.

ಅದೇ ದಿನ, ಸಂಜೆ

ಅಂಬಿಗ ಅವಸರ ಮಾಡುತ್ತಿದ್ದಾನೆ. ಕತ್ತಲಾದ ಮೇಲೆ ನಿಲ್ಲುವುದಿಲ್ಲ, ಮತ್ತೆ ಈ ಕಡೆ ಬರುವುದೂ ಇಲ್ಲ. ಅವನ ಜೊತೆ ಹೊರಟರೆ ನಾವಿಬ್ಬರೂ ಬದುಕಿದೆವು. ಆದರೆ ಕಹಳೆ ನಿಂತರೆ ಆಚೆಯವರು ದಾಟುತ್ತಾರೆ, ನಾಳೆಯೇ ಆ ದೋಣಿಗಳನ್ನು ಹಿಡಿಯುತ್ತಾರೆ. ಹಿಡಿಯಲಿ. ಭಾವ ಸಾಯಲಿ ಎಂದೇ ಅನ್ನಿಸುತ್ತಿದೆ, ಇಲ್ಲೂ ಸುಳ್ಳು ಯಾಕೆ ಬರೆಯಲಿ?

ಅಕ್ಕ ಇರುವುದೂ ಅದೇ ದೋಣಿಯಲ್ಲಿ.

ಒಲೆಗೆ ಸೌದೆ ಹಾಕಲೋ ನೀರು ಸುರಿಯಲೋ ಎಂದು ಅಡುಗೆಯವನು ಬಾಗಿಲಲ್ಲಿ ನಿಂತಿದ್ದಾನೆ. ಸೌದೆ ಹಾಕಿ ನೀನು ಹೊರಡು ಎಂದೆ. ಸೌದೆ ಹಾಕಿದ. ಹೊರಡುತ್ತಿಲ್ಲ.

ಭಾವ ನನ್ನನ್ನು ಸರಿಯಾಗೇ ಅಳೆದಿದ್ದಾರೆ. ಅದಕ್ಕೇ ಇಷ್ಟು ಉರಿಯುತ್ತಿರುವುದು. ಸಂಜೆಯ ಕಹಳೆಗೆ ಹೊತ್ತಾಯಿತು. ಊದಿ ಬಂದು ಬರೆಯುತ್ತೇನೆ. ಅಕ್ಕನಿಗೆ ಒಂದೇ ಒಂದು ಮಾತು, ನಾನು ಹಟ ಹಿಡಿದು ಉಳಿದದ್ದಲ್ಲ, ನಿನ್ನ ಗಂಡ—